ತಡವಾಗಿ ಸಾಲಿಗೆ ಬಂದ ವರ್ಣತಂತು

ನನಗೆ ಕಾಯುವುದಕ್ಕೆ ಬರುವುದಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಯಾರೂ ಆಡಿಕೊಳ್ಳುವುದು ಬೇಡ. ಹಾಲು ಉಕ್ಕುವ ಮುನ್ನವೇ ಒಲೆ ಆರಿಸುತ್ತೇನೆ. ಲಿಫ್ಟ್ ಬರುವಷ್ಟರಲ್ಲಿ ಮೂರು ಮಹಡಿ ಹತ್ತಿರುತ್ತೇನೆ. ಎದುರಿನವರು ಮಾತು ಮುಗಿಸುವ ಮೊದಲೇ ಉತ್ತರ ಕೊಟ್ಟು, ಅದು ತಪ್ಪುತ್ತರವಾಗಿ, ಪಾಪ ಅವರೇ ಮತ್ತೆ ಮೊದಲಿನಿಂದ ಹೇಳಬೇಕಾಗುತ್ತದೆ. ಲ್ಯಾಬಿನಲ್ಲಿ ನನ್ನ ಬೆನ್ನ ಹಿಂದೆ ನನ್ನನ್ನು ‘ಅವಸರ’ ಎನ್ನುತ್ತಾರೆ. ‘ಅವಸರ ಬಂತು, ದಾರಿ ಬಿಡ್ರಪ್ಪಾ’ ಎಂದು ನಗುತ್ತಾರೆ. ನನಗೆ ಎಲ್ಲ ಕೇಳಿಸುತ್ತದೆ. ಬೆನ್ನ ಹಿಂದಿನ ಮಾತು ಕೇಳಿಸಿಕೊಳ್ಳುವುದಕ್ಕೆ ಮಾತ್ರ ನನ್ನಲ್ಲಿ ಬೇಕಾದಷ್ಟು ತಾಳ್ಮೆ ಇದೆ.

ಇಂಥವಳಿಗೆ ಸಿಕ್ಕ ಕೆಲಸವೆಂದರೆ ಜೀವಕೋಶಗಳು ಒಡೆದು ಎರಡಾಗುವುದನ್ನು ಕೂತು ನೋಡುವುದು. ನೆಲಮಾಳಿಗೆಯ ಕತ್ತಲೆ ಕೋಣೆಯಲ್ಲಿ ಒಂದು ದೊಡ್ಡ ಮೈಕ್ರೋಸ್ಕೋಪು. ಅದರ ಸುತ್ತ ಬೆಚ್ಚಗಿನ ಪೆಟ್ಟಿಗೆ. ಒಳಗೆ ಅಂಗೈಯಗಲದ ಗಾಜಿನ ತಟ್ಟೆ, ತಟ್ಟೆಯಲ್ಲಿ ಕೋಶಗಳು. ಮೂರು ನಿಮಿಷಕ್ಕೊಮ್ಮೆ ಯಂತ್ರ ಕ್ಲಿಕ್ ಎನ್ನುತ್ತದೆ, ಒಂದು ಫೋಟೋ. ನಲವತ್ತು ಫೋಟೋ ಜೋಡಿಸಿದರೆ ಎರಡು ಗಂಟೆಯ ಒಂದು ಫಿಲ್ಮು. ಹದಿನಾಲ್ಕು ವರ್ಷದಿಂದ ಇದನ್ನೇ ಮಾಡುತ್ತಿದ್ದೇನೆ ಎಂದರೆ ನನ್ನ ಗಂಡನೂ ನಂಬುವುದಿಲ್ಲ.

ಒಂದು ಕೋಶ ಎರಡಾಗುವ ಮೊದಲು ತನ್ನ ನಲವತ್ತಾರು ವರ್ಣತಂತುಗಳನ್ನೂ ನಟ್ಟನಡುವೆ ಒಂದು ಸಾಲಿನಲ್ಲಿ ನಿಲ್ಲಿಸಿಕೊಳ್ಳುತ್ತದೆ. ನಾವು ಅದಕ್ಕೆ ನಡುಗೆರೆ ಎನ್ನುತ್ತೇವೆ. ಎರಡೂ ತುದಿಯಿಂದ ಸಣ್ಣ ಸಣ್ಣ ನಾರುಗಳು ಹೊರಟು ತಂತುಗಳನ್ನು ಹಿಡಿದುಕೊಳ್ಳುತ್ತವೆ. ಮುಕ್ಕಾಲುಪಾಲು ತಂತುಗಳು ಹೆಚ್ಚು ಗಲಾಟೆಯಿಲ್ಲದೆ ಸಾಲಿಗೆ ಬಂದು ನಿಲ್ಲುತ್ತವೆ. ಒಂದೆರಡು ಮಾತ್ರ ಯಾವುದೋ ತುದಿಯ ಮೂಲೆಗೆ ಹೋಗಿ ಸಿಕ್ಕಿಕೊಳ್ಳುತ್ತವೆ. ಅವುಗಳನ್ನು ಹೊತ್ತು ತರುವ ಹಮಾಲಿಗಳಿದ್ದಾರೆ. ಮೋಟಾರ್ ಪ್ರೋಟೀನ್ ಎಂದು ಹೆಸರು. ನಾರಿನ ಮೇಲೆ ಹೆಜ್ಜೆ ಇಡುತ್ತ ಇಡುತ್ತ ಮೂಲೆಯಲ್ಲಿ ಸಿಕ್ಕ ತಂತುವನ್ನು ನಡುವಿಗೆ ಎಳೆದು ತರುತ್ತವೆ. ಒಂದೇ ಒಂದು ತಂತು ಬರಲಿಲ್ಲವೆಂದರೂ ಕೋಶ ಒಡೆಯುವುದಿಲ್ಲ. ಬಂದ ನಲವತ್ತೈದೂ ಸಾಲಿನಲ್ಲಿ ನಿಂತೇ ಇರುತ್ತವೆ. ಎಲ್ಲ ಸರಿಯಿದ್ದರೆ ಇಷ್ಟಕ್ಕೂ ಇಪ್ಪತ್ತು, ಇಪ್ಪತ್ತೈದು ನಿಮಿಷ ಸಾಕು.

ಆ ಹಮಾಲಿಗಳಲ್ಲಿ ಒಂದನ್ನು ತೆಗೆದುಹಾಕಿದರೆ ಏನಾಗುತ್ತದೆ? ಇದು ಹುಡುಗಿಯ ಪ್ರಶ್ನೆಯಾಗಿತ್ತು. ಹುಡುಗಿ ಎಂದರೆ ನಮ್ಮ ಲ್ಯಾಬಿನ ಸಂಶೋಧನಾ ವಿದ್ಯಾರ್ಥಿನಿ. ಐದೂವರೆ ವರ್ಷದ ಹಿಂದೆ ಬಂದಾಗ ತಟ್ಟೆ ಹಿಡಿದರೆ ಕೈ ನಡುಗುತ್ತಿತ್ತು. ಮೈಕ್ರೋಸ್ಕೋಪಿನ ಮುಂದೆ ಹೇಗೆ ಕೂರಬೇಕು ಎಂಬುದರಿಂದ ಹಿಡಿದು ಎಲ್ಲವನ್ನೂ ನಾನೇ ಕಲಿಸಿದ್ದು. ನನ್ನನ್ನು ಅಕ್ಕ ಎನ್ನುತ್ತಾಳೆ, ಬಾಯಿಮಾತಿಗೆ ಅನ್ನುವ ಅಕ್ಕ ಅಲ್ಲ. ನನಗೆ ಜ್ವರ ಬಂದಾಗ ಮನೆಗೆ ಬಂದು ಗಂಜಿ ಕಾಯಿಸಿ, ಅದು ಉಪ್ಪಾಗಿ, ಇಬ್ಬರೂ ನಕ್ಕು ನಕ್ಕು ಸುಸ್ತಾಗಿದ್ದೆವು. ನನಗೆ ತಂಗಿ ಇಲ್ಲ. ಇದ್ದಿದ್ದರೂ ಇವಳಷ್ಟು ಹಚ್ಚಿಕೊಳ್ಳುತ್ತಿರಲಿಲ್ಲವೇನೋ.

ಅವಳು ತಟ್ಟೆಗಳಿಗೆ ಅಂಕಿ ಅಂಟಿಸಿ ಕೊಡುವಳು. ಯಾವುದರಲ್ಲಿ ಮೋಟಾರು ಇದೆ, ಯಾವುದರಲ್ಲಿ ಇಲ್ಲ ಎಂದು ನನಗೆ ಹೇಳುವಂತಿಲ್ಲ. ಗೊತ್ತಿದ್ದರೆ ಕಣ್ಣು ತನಗೆ ಬೇಕಾದ್ದನ್ನೇ ನೋಡುತ್ತದೆ ಎಂಬ ಕಾರಣಕ್ಕೆ ಈ ನಿಯಮ. ನಾನು ಒಂದೊಂದು ಕೋಶವನ್ನೂ ನೋಡಿ, ತಂತುಗಳೆಲ್ಲ ನಡುಗೆರೆಗೆ ಬಂದ ನಿಮಿಷವನ್ನು ಪುಸ್ತಕದಲ್ಲಿ ಬರೆಯುತ್ತಿದ್ದೆ. ಫಿಲ್ಮು ಮುಗಿಯುವ ತನಕ ಬಾರದಿದ್ದರೆ ಒಂದು ಅಡ್ಡಗೀಟು. ಮೂರು ವರ್ಷದಲ್ಲಿ ಸಾವಿರಾರು ಕೋಶ ಎಣಿಸಿದ್ದೇನೆ. ಮೋಟಾರಿಲ್ಲದ ಕೋಶಗಳ ಪುಟಗಳಲ್ಲಿ ಅಡ್ಡಗೀಟುಗಳದೇ ಜಾತ್ರೆ. ಆದ್ದರಿಂದ ಹುಡುಗಿಯ ಪೇಪರಿನ ಮೊದಲ ಸಾಲೇ ಇದು: ಈ ಮೋಟಾರು ಇಲ್ಲದಿದ್ದರೆ ಮೂಲೆಯ ತಂತುಗಳು ನಡುಗೆರೆಗೆ ಬರುವುದೇ ಇಲ್ಲ.

ಆ ಪೇಪರು ಶುಕ್ರವಾರ ವಿಜ್ಞಾನ ಪತ್ರಿಕೆಗೆ ಹೋಗಬೇಕಿತ್ತು. ಅವಳ ಫೆಲೋಶಿಪ್ ಮುಗಿಯಲು ಹತ್ತು ವಾರ ಉಳಿದಿತ್ತು. ಬೇರೊಂದು ಕಡೆ ಕೆಲಸವೊಂದು ಹೆಚ್ಚುಕಡಿಮೆ ಗಟ್ಟಿಯಾಗಿತ್ತು, ಪೇಪರು ಹೋಗಿದೆ ಎಂದು ತೋರಿಸಿದರೆ ಸಾಕು ಎಂದಿದ್ದರು. ಐದೂವರೆ ವರ್ಷ ಅವಳು ದುಡಿದದ್ದೆಲ್ಲ ಆ ಹನ್ನೆರಡು ಪುಟದಲ್ಲಿತ್ತು.

ಸೋಮವಾರ ಅವಳು ಊರಿಗೆ ಹೊರಟಳು. ಅವಳ ಅಕ್ಕನಿಗೆ ದಿನ ತುಂಬಿತ್ತು. ಹೋಗುವ ಮುನ್ನ ಒಂದು ಕೊನೆಯ ತಟ್ಟೆ ಕೊಟ್ಟು, “ಅಕ್ಕ, ಇದು ಮೋಟಾರಿಲ್ಲದ್ದು, ಎಣಿಕೆಗಲ್ಲ. ಇದೊಂದು ಫಿಲ್ಮ್ ತೆಗೆದುಬಿಡಿ, ಚಿತ್ರಕ್ಕೆ ಚೆನ್ನಾಗಿರೋ ಕೋಶ ಒಂದು ಬೇಕು ಅಷ್ಟೇ. ಬುಧವಾರ ಮೀಟಿಂಗ್ ಹೊತ್ತಿಗೆ ಬಂದುಬಿಡ್ತೀನಿ” ಎಂದಳು.

ನಾಲ್ಕು ಗಂಟೆಗೆ ತಟ್ಟೆ ಇಟ್ಟೆ. ಎಷ್ಟು ಫೋಟೋ ಎಂದು ಕಂಪ್ಯೂಟರು ಕೇಳಿತು. ಅದು ಪ್ರತಿ ಸಲ ಕೇಳುತ್ತದೆ, ನಾನು ಪ್ರತಿ ಸಲ ಅದನ್ನು ಬೈದುಕೊಂಡು ನಲವತ್ತು ಎಂದು ಒತ್ತುತ್ತೇನೆ. ಅವತ್ತೂ ಒತ್ತಿದೆ. ಐದೂವರೆಗೆ ಬಸ್ಸಿಗೆ ಓಡಿದೆ. ಆರಕ್ಕೆ ಪಕ್ಕದ ಲ್ಯಾಬಿನವಳ ಪಾಳಿ, ಆ ದಿನದ ಕೊನೆಯದು. ಮುಂದಿನ ಪಾಳಿಯವರು ಹಿಂದಿನವರ ತಟ್ಟೆಯನ್ನು ತೆಗೆದಿಡುವುದು ನಮ್ಮಲ್ಲಿ ವಾಡಿಕೆ. ಒಬ್ಬರಿಗೆ ಎರಡು ಗಂಟೆ ಮಾತ್ರ ಎಂಬ ಚೀಟಿ ಆ ಬಾಗಿಲಿನ ಮೇಲೆ ನಾನು ಕೆಲಸಕ್ಕೆ ಸೇರುವ ಮೊದಲಿನಿಂದಲೂ ಇದೆ, ಒಂದು ಯಂತ್ರಕ್ಕೆ ಏಳು ಲ್ಯಾಬು.

ಮಂಗಳವಾರ ಬೆಳಿಗ್ಗೆ ಒಂಬತ್ತಕ್ಕೆ ಬಾಗಿಲು ತೆಗೆದರೆ ಯಂತ್ರ ಕ್ಲಿಕ್ ಎಂದಿತು. ಪಕ್ಕದ ಲ್ಯಾಬಿನವಳು ಜ್ವರ ಎಂದು ಬಂದೇ ಇರಲಿಲ್ಲ. ನಾನು ನಲವತ್ತರ ಮುಂದೆ ಇನ್ನೊಂದು ಸೊನ್ನೆ ಒತ್ತಿದ್ದೆ. ನಾನೂರು ಫೋಟೋ. ಹದಿನೇಳು ಗಂಟೆಯಿಂದ ಯಂತ್ರ ಒಂದೇ ಸಮ ಓಡುತ್ತಿತ್ತು. ದೀಪದ ಆಯಸ್ಸು ತಿಂದದ್ದಕ್ಕೆ ಯಾರ ಹತ್ತಿರ ಬೈಗುಳ ತಿನ್ನಬೇಕೋ ಎಂದುಕೊಳ್ಳುತ್ತ ನಿಲ್ಲಿಸಿದೆ. ಅಳಿಸಿಹಾಕಿ ಕೈತೊಳೆದುಕೊಂಡರೆ ಯಾರಿಗೂ ಗೊತ್ತಾಗುವುದಿಲ್ಲ ಎಂದೂ ಒಮ್ಮೆ ಅನ್ನಿಸಿತು. ಆದರೆ ಹುಡುಗಿಗೆ ಚಿತ್ರಕ್ಕೆ ಒಂದು ಕೋಶ ಬೇಕಿತ್ತಲ್ಲ, ಫಿಲ್ಮನ್ನು ಓಡಿಸಿದೆ.

ಮೊದಲ ಎರಡು ಗಂಟೆ ಎಂದಿನಂತೆಯೇ ಇತ್ತು. ಹದಿನೇಳನೆಯ ಕೋಶ ಚೆನ್ನಾಗಿ ಕಾಣುತ್ತಿತ್ತು. ನಡುವೆ ಹಸಿರಾಗಿ ಹೊಳೆಯುವ ಸಾಲು, ಎಡತುದಿಯಲ್ಲಿ ಮುದುರಿಕೊಂಡು ಕೂತ ಎರಡು ತಂತು. ಎರಡು ಗಂಟೆಗೂ ಅವು ಅಲ್ಲೇ. ಅಭ್ಯಾಸಬಲದಿಂದ ಅಡ್ಡಗೀಟು ಹಾಕಿದೆ. ಫಿಲ್ಮು ಮಾತ್ರ ನಿಲ್ಲಲಿಲ್ಲ. ಎರಡೂವರೆ ಗಂಟೆ. ಮೂರು. ಸಾಲಿನಲ್ಲಿ ನಿಂತವು ನಿಂತೇ ಇದ್ದವು, ಸ್ವಲ್ಪ ಆಕಡೆ ಈಕಡೆ ತೂಗುತ್ತ. ಮೂರು ಗಂಟೆ ಹನ್ನೆರಡನೆಯ ನಿಮಿಷಕ್ಕೆ ಮೂಲೆಯ ತಂತುಗಳಲ್ಲಿ ಒಂದು ಅಲುಗಿತು. ಮುಂದೆ ಬಂತು, ಹಿಂದೆ ಹೋಯಿತು, ಮತ್ತೆ ಮುಂದೆ ಬಂತು. ನಡುಗೆರೆಯ ಬದಿಗೆ ಬಂದು, ಜಾಗ ಮಾಡಿಕೊಂಡು ಸೇರಿತು. ನಲವತ್ತು ನಿಮಿಷದ ಮೇಲೆ ಇನ್ನೊಂದೂ ಬಂತು. ಅದಾಗಿ ಹದಿನೈದು ನಿಮಿಷಕ್ಕೆ ಕೋಶ ಎರಡಾಯಿತು. ಸಮವಾಗಿ, ಏನೂ ಆಗಿಲ್ಲವೆಂಬಂತೆ.

ನಾನು ಕುರ್ಚಿಯಿಂದ ಎದ್ದೆ. ಕೂತೆ. ಮತ್ತೆ ಎದ್ದೆ. ಕೋಣೆ ಎಷ್ಟಿದೆ, ನಾಲ್ಕು ಹೆಜ್ಜೆ ಹಾಕಿದರೆ ಗೋಡೆ. ಉಳಿದ ಕೋಶಗಳನ್ನೂ ಒಂದೊಂದಾಗಿ ನೋಡಿದೆ. ಅರ್ಧ ಜಾಗದಲ್ಲಿ ಫೋಕಸ್ ಜಾರಿ ಮಸುಕಾಗಿತ್ತು, ಅವನ್ನು ಬಿಟ್ಟೆ. ಸ್ಪಷ್ಟವಾಗಿ ಕಂಡದ್ದರಲ್ಲಿ ಅಡ್ಡಗೀಟು ಬೀಳಬೇಕಾಗಿದ್ದ ಕೋಶ ಇಪ್ಪತ್ತಾರು. ಐದು ಸತ್ತಿದ್ದವು. ಎರಡು ಕೆಟ್ಟದಾಗಿ ಒಡೆದಿದ್ದವು. ಹತ್ತೊಂಬತ್ತರಲ್ಲಿ ಮೂರರಿಂದ ಆರು ಗಂಟೆಯೊಳಗೆ ಎಲ್ಲ ತಂತುಗಳೂ ಸಾಲಿಗೆ ಬಂದಿದ್ದವು.

ಅಂದರೆ ಮೂರು ವರ್ಷದ ನನ್ನ ಅಡ್ಡಗೀಟುಗಳು? ಬರುವುದೇ ಇಲ್ಲ ಎಂದು ನಾನು ಬರೆದ ಸಾವಿರಾರು ಕೋಶಗಳು ಬರುತ್ತಲೇ ಇದ್ದವು, ನಾವು ನೋಡುವುದನ್ನು ನಿಲ್ಲಿಸಿದ್ದೆವು. ಒಬ್ಬರಿಗೆ ಎರಡು ಗಂಟೆ ಎಂದು ಬಾಗಿಲ ಮೇಲೆ ಯಾರೋ ಬರೆದದ್ದು ಕೋಶದ ಹಣೆಬರಹವೂ ಹೌದೆಂದು ನಾವೆಲ್ಲ ನಂಬಿಕೊಂಡು ಕೂತಿದ್ದೆವು. ನಾನು, ಹುಡುಗಿ, ಲ್ಯಾಬ್ ನಡೆಸುವ ನಮ್ಮ ಮೇಷ್ಟ್ರು, ಯಾರೊಬ್ಬರಿಗೂ ಮೂರನೆಯ ಗಂಟೆಯ ಯೋಚನೆ ಬಂದಿರಲಿಲ್ಲ. ಪೇಪರಿನ ಮೊದಲ ಸಾಲು ಸುಳ್ಳಾಗಿತ್ತು. ಆ ಸುಳ್ಳು ನನ್ನ ಕೈಬರಹದಲ್ಲಿತ್ತು.

ಹುಡುಗಿಗೆ ಫೋನ್ ಮಾಡಿದೆ. ಎತ್ತಲಿಲ್ಲ. ಊಟದ ಹೊತ್ತಿಗೆ ಹನ್ನೊಂದು ಸಲ ಮಾಡಿದ್ದೆ. ಅವಳು ತಿರುಗಿ ಮಾಡಿದಾಗ ನಾನು ಲ್ಯಾಬಿನ ಶೀತಕೋಣೆಯಲ್ಲಿದ್ದೆ, ಫೋನು ಹೊರಗೆ ಮೇಜಿನ ಮೇಲಿತ್ತು. ಸಂಜೆ ಒಂದು ಮೆಸೇಜು ಬಂತು: ‘ಅಕ್ಕ, ಹೆಣ್ಣು ಮಗು. ಇಲ್ಲಿ ಒಂದೇ ಗಲಾಟೆ, ಆಸ್ಪತ್ರೆಯಲ್ಲಿ ಸಿಗ್ನಲ್ ಇಲ್ಲ. ನಾಳೆ ಬಂದು ಎಲ್ಲ ಮಾತಾಡ್ತೀನಿ. ಶುಕ್ರವಾರ ಆದ ಮೇಲೆ ನಾವಿಬ್ರೂ ಎಲ್ಲಾದ್ರೂ ಹೋಗೋಣ.’ ಅದನ್ನು ಓದಿ ನನಗೆ ಉತ್ತರ ಬರೆಯಲಾಗಲಿಲ್ಲ. ಮಗು ಹುಟ್ಟಿದ ದಿನ ಇಂಥ ಸುದ್ದಿ ಹಾಕಬಾರದು ಎಂದು ಮನಸ್ಸು ಗಟ್ಟಿ ಮಾಡಿಕೊಂಡೆ. ಆ ಒಂದು ಸಲ ನಾನು ತಡೆದುಕೊಂಡದ್ದು ನಿಜ. ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ, ಆದರೂ ನಿಜ.

ಮನೆಯಲ್ಲಿ ಗಂಡನ ತಲೆ ತಿಂದೆ. ಅವನು ಲಿಫ್ಟ್ ರಿಪೇರಿ ಮಾಡುವವನು. ಮಾತು ಕಡಿಮೆ.

“ಈ ಸುದ್ದಿ ಅವಳಿಗೆ ಒಳ್ಳೇದೋ ಕೆಟ್ಟದ್ದೋ?” ಎಂದ.

“ಎರಡೂ. ಪೇಪರ್ ನಿಲ್ಲತ್ತೆ. ಆದ್ರೆ ಇದು ಇನ್ನೂ ದೊಡ್ಡ ವಿಷಯ. ಹಮಾಲಿ ಇಲ್ದೇ ಇದ್ರೂ ತಂತು ಬರತ್ತೆ ಅಂದ್ರೆ ಅದನ್ನ ಬೇರೆ ಯಾರೋ ತರ್ತಾ ಇದಾರೆ ಅಂತ ತಾನೇ. ಅದನ್ನ ಕಂಡುಹಿಡಿದೋಳು ಅವಳು ಅಂತಾದ್ರೆ ಅವಳ ಹಣೆಬರಹವೇ ಬದಲಾಗತ್ತೆ.”

“ಹಾಗಾದ್ರೆ ಮೊದಲು ಅವಳಿಗೆ ಹೇಳು. ಅವಳೇ ಮೇಷ್ಟ್ರಿಗೆ ಹೇಳ್ಲಿ.”

“ನಾನೂ ಅದನ್ನೇ ಅಂದ್ಕೊಂಡಿದೀನಿ.”

“ಅಂದ್ಕೊಂಡಿದೀಯ,” ಎಂದು ಅವನು ನನ್ನ ಮುಖ ನೋಡಿದ. “ಲಿಫ್ಟಲ್ಲಿ ಸಿಕ್ಕಿಹಾಕ್ಕೊಂಡೋರು ಏನ್ ಮಾಡ್ತಾರೆ ಗೊತ್ತಾ? ಎಲ್ಲಾ ಗುಂಡಿನೂ ಒತ್ತುತ್ತಾರೆ. ಸುಮ್ನೆ ಇದ್ದಿದ್ರೆ ಹತ್ತು ನಿಮಿಷದ ಕೆಲಸ, ಅವರು ಒತ್ತಿದ್ದಕ್ಕೆ ಅರ್ಧ ಗಂಟೆ.”

ಅವನಿಗೆ ಹೇಳುವುದಕ್ಕೆ ಬೇರೆ ಏನೂ ಇಲ್ಲವೆಂದು ರೇಗಿ ಮಲಗಿದೆ. ಕಣ್ಣು ಮುಚ್ಚಿದರೆ ಆ ಹಸಿರು ತಂತು ಮುಂದೆ ಬರುವುದು, ಹಿಂದೆ ಹೋಗುವುದು. ನಿದ್ದೆ ಹತ್ತಿರ ಸುಳಿಯಲಿಲ್ಲ.

ಬುಧವಾರ ಹತ್ತಕ್ಕೆ ಮೀಟಿಂಗು. ಮೇಷ್ಟ್ರ ಕೋಣೆಯಲ್ಲಿ ಉದ್ದನೆಯ ಮೇಜು, ಗೋಡೆಗೆ ಪರದೆ. ನಮ್ಮ ಮೇಷ್ಟ್ರು ಒಳ್ಳೆಯವರು, ಆದರೆ ಗಡಿಯಾರದ ಮನುಷ್ಯ. ಹತ್ತು ಎಂದರೆ ಹತ್ತು. ಅವರ ಎಡಗಡೆ ಹೊಸಬ ಕೂತಿದ್ದ. ಎರಡು ತಿಂಗಳ ಹಿಂದೆ ಬಂದ ಸಂಶೋಧಕ, ಡಾಕ್ಟರೇಟು ಮುಗಿಸಿಕೊಂಡೇ ಬಂದವನು. ಚುರುಕು. ಕೈಯಲ್ಲಿ ಇನ್ನೂ ಯಾವ ಕೆಲಸವೂ ಕೂಡಿರಲಿಲ್ಲವಾದ್ದರಿಂದ ಎಲ್ಲರ ಕೆಲಸದಲ್ಲೂ ಒಂದು ಕಣ್ಣು. ಉಳಿದ ಮೂರು ಜನ ಕಾಫಿ ಹಿಡಿದು ಕೂತಿದ್ದರು. ಹುಡುಗಿಯ ಕುರ್ಚಿ ಖಾಲಿ.

ಮೇಷ್ಟ್ರು ಫೋನ್ ನೋಡಿ, “ಸ್ಟೇಷನ್ನಿಂದ ಬರ್ತಾ ಇದಾಳಂತೆ. ಹತ್ತು ನಿಮಿಷ ಆಗತ್ತಂತೆ” ಎಂದರು. ಆಮೇಲೆ ನಗುತ್ತ, “ನಾನೊಂದು ಯೋಚನೆ ಮಾಡಿದೀನಿ. ಪೇಪರ್ ಎಲ್ಲಾ ರೆಡಿ ಇದೆಯಲ್ಲ, ಶುಕ್ರವಾರದ ತನಕ ಯಾಕೆ? ಅವಳು ಬಂದ ತಕ್ಷಣ ಇಲ್ಲೇ, ಎಲ್ಲರ ಮುಂದೆ ಅವಳ ಕೈಯಲ್ಲೇ ಕಳಿಸೋಣ. ಮಗು ಹುಟ್ಟಿದ ಖುಷಿ, ಪೇಪರ್ ಖುಷಿ, ಎರಡೂ ಒಟ್ಟಿಗೆ” ಎಂದರು.

ಅವಳು ಬಂದ ಮೇಲೆ ಎಂದೇ ಅವರು ಹೇಳಿದ್ದು. ಅವಳ ಕೈಯಲ್ಲೇ ಎಂದೇ ಹೇಳಿದ್ದು. ಅವಳು ಬಾಗಿಲಲ್ಲಿ ಕಂಡ ಕೂಡಲೇ ನಾನು ಎದ್ದುಹೋಗಿ, ಒಂದು ನಿಮಿಷ ಹೊರಗೆ ಬಾ ಮರಿ ಎಂದಿದ್ದರೆ ಮುಗಿಯುತ್ತಿತ್ತು. ಈಗ ಇದೆಲ್ಲ ಚೆನ್ನಾಗಿ ಹೊಳೆಯುತ್ತದೆ. ಆಗ ನನಗೆ ಕೇಳಿಸಿದ್ದು ಕಳಿಸೋಣ ಎಂಬ ಒಂದು ಮಾತು. ಮುಳ್ಳಿನ ಮೇಲೆ ಕೂತಂತಾಯಿತು. ಒಂದು ನಿಮಿಷ ತಡೆದೆ. ಎರಡು ನಿಮಿಷ. ಹೊಸಬ ತನ್ನ ಪೆನ್ನನ್ನು ಟಿಕ್ ಟಿಕ್ ಮಾಡುತ್ತಿದ್ದ. ಕಾಫಿ ಆರುತ್ತಿತ್ತು. ನನ್ನ ಕಾಲು ಮೇಜಿನ ಕೆಳಗೆ ತಾನಾಗಿ ಕುಣಿಯುತ್ತಿತ್ತು.

“ಸರ್, ಅದನ್ನ ಕಳಿಸೋ ಹಾಗಿಲ್ಲ” ಎಂದುಬಿಟ್ಟೆ.

ಎಲ್ಲರೂ ನನ್ನ ಕಡೆ ತಿರುಗಿದರು. ಅಲ್ಲಿಗೂ ನಿಲ್ಲಿಸಬಹುದಿತ್ತು. ಅವಳು ಬರಲಿ ಹೇಳ್ತೀನಿ ಎನ್ನಬಹುದಿತ್ತು. ಆದರೆ ಒಂದು ಸಲ ಬಾಯಿ ತೆರೆದ ಮೇಲೆ ನನ್ನನ್ನು ಹಿಡಿಯುವವರು ಯಾರು? ಸೊನ್ನೆಯ ಕತೆ ಹೇಳಿದೆ, ಹದಿನೇಳು ಗಂಟೆಯ ಕತೆ ಹೇಳಿದೆ, ಪೆನ್‌ಡ್ರೈವ್ ಚುಚ್ಚಿ ಫಿಲ್ಮನ್ನೇ ಪರದೆಯ ಮೇಲೆ ಹಾಕಿದೆ. ಮೂರು ಗಂಟೆ ಹನ್ನೆರಡು ನಿಮಿಷಕ್ಕೆ ತಂತು ಅಲುಗಿದಾಗ ಮೇಷ್ಟ್ರು ಎದ್ದು ನಿಂತರು. ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು.

“ಮತ್ತೊಂದು ಸಲ ಓಡಿಸಿ,” ಎಂದರು. ಓಡಿಸಿದೆ.

“ಹಾಗಾದ್ರೆ ಇನ್ಯಾವುದೋ ಮೋಟಾರು ಇದೆ ಸರ್,” ಎಂದ ಹೊಸಬ. ಅವನ ಕಣ್ಣು ಹೊಳೆಯುತ್ತಿತ್ತು. “ನಿಧಾನವಾಗಿ ಕೆಲಸ ಮಾಡೋದು. ಇದು ತುಂಬಾ ದೊಡ್ಡದು. ನನಗೆ ಯಂತ್ರದಲ್ಲಿ ಮುಂದಿನ ವಾರ ಮೂರು ಪಾಳಿ ಇದೆ, ಒಟ್ಟಿಗೆ ಸೇರಿಸ್ಕೊಂಡ್ರೆ ಆರು ಗಂಟೆ ಆಗತ್ತೆ. ನಾನು ಶುರು ಮಾಡ್ಲಾ?”

ಮೇಷ್ಟ್ರು ಪರದೆಯಿಂದ ಕಣ್ಣು ಕೀಳದೆಯೇ, “ಮಾಡಿ. ಅವಳ ಫೆಲೋಶಿಪ್ ಹತ್ತು ವಾರದಲ್ಲಿ ಮುಗಿಯತ್ತೆ, ಇದನ್ನೆಲ್ಲ ಹೊಸದಾಗಿ ಎತ್ಕೊಳ್ಳಕ್ಕೆ ಅವಳಿಗೆ ಸಮಯ ಇಲ್ಲ. ನೀವು ಮುಂದೆ ನಿಂತು ಮಾಡಿ, ಅವಳ ಹಳೇ ಲೆಕ್ಕ ಅದರಲ್ಲಿ ಒಂದು ಭಾಗ ಆಗ್ಲಿ” ಎಂದರು.

ಅಷ್ಟರಲ್ಲಿ ಬಾಗಿಲು ತೆರೆಯಿತು. ಹೆಗಲಲ್ಲಿ ಬ್ಯಾಗು, ಕೈಯಲ್ಲಿ ಸಿಹಿಯ ಡಬ್ಬಿ. ಪರದೆಯ ಮೇಲೆ ತನ್ನ ಕೋಶಗಳನ್ನು ನೋಡಿ ಮೊದಲು ನಕ್ಕಳು. ಪೇಪರು ಕಳಿಸುವ ಗಮ್ಮತ್ತಿಗೆ ಹಾಕಿದ್ದಾರೆ ಎಂದುಕೊಂಡಿರಬೇಕು. ಆಮೇಲೆ ಮೂಲೆಯಲ್ಲಿದ್ದ ಗಂಟೆಯ ಅಂಕಿ ಕಂಡಿತು. ನಾಲ್ಕು ಗಂಟೆ ಆರು ನಿಮಿಷ. ಅವಳಿಗೆ ಯಾರೂ ವಿವರಿಸಬೇಕಾಗಿರಲಿಲ್ಲ. ಐದೂವರೆ ವರ್ಷ ಆ ಕೋಶಗಳ ಜೊತೆ ಬದುಕಿದವಳು. ಡಬ್ಬಿಯನ್ನು ಮೇಜಿನ ಮೇಲಿಟ್ಟು, ನಿಂತೇ ಕೊನೆಯ ತನಕ ನೋಡಿದಳು.

“ಯಾವಾಗ ಸಿಕ್ತು ಇದು?” ಎಂದು ಕೇಳಿದಳು.

“ನಿನ್ನೆ ಬೆಳಿಗ್ಗೆ,” ಎಂದೆ.

ಅವಳು ತಲೆಯಾಡಿಸಿದಳು. ಮೇಷ್ಟ್ರು ಸಮಾಧಾನದ ದನಿಯಲ್ಲಿ ಹೊಸಬನ ವಿಷಯ ಹೇಳಿದರು. ಅದಕ್ಕೂ ತಲೆಯಾಡಿಸಿದಳು. ಸಿಹಿಯನ್ನು ಯಾರೂ ಮುಟ್ಟಲಿಲ್ಲ.

ಮೀಟಿಂಗು ಮುಗಿದ ಮೇಲೆ ಮೆಟ್ಟಿಲ ಹತ್ತಿರ ಅವಳನ್ನು ಹಿಡಿದೆ. ಹನ್ನೊಂದು ಸಲ ಫೋನ್ ಮಾಡಿದ್ದು, ಮಗುವಿನ ಸುದ್ದಿಯ ದಿನ ಹೇಳಬಾರದೆಂದು ಸುಮ್ಮನಿದ್ದದ್ದು, ಮೇಷ್ಟ್ರು ಕಳಿಸುತ್ತೇನೆ ಎಂದದ್ದು, ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದೆ. ಅವಳು ಮಧ್ಯೆ ಬಾಯಿ ಹಾಕದೆ ಕೇಳಿದಳು.

“ಅಕ್ಕ, ಪೇಪರ್ ಹೋಗ್ಲಿಲ್ಲ ಅಂತ ನನಗೆ ಬೇಜಾರಿಲ್ಲ. ತಪ್ಪು ಹೋಗ್ತಿತ್ತು. ನಿಲ್ಲಿಸಿದ್ದು ಒಳ್ಳೇದಾಯ್ತು,” ಎಂದಳು. “ಆ ತಂತು ನಾಲ್ಕು ಗಂಟೆ ತಡವಾಗಿ ಬಂತು. ಕೋಶ ಅದಕ್ಕೆ ಕಾದಿತ್ತು. ನಾನು ಹತ್ತು ನಿಮಿಷ ತಡ. ನಿಮಗೆ ಕಾಯಕ್ಕಾಗ್ಲಿಲ್ವಾ?”

ಎಲ್ಲದಕ್ಕೂ ಮೊದಲೇ ಉತ್ತರ ಸಿದ್ಧ ಇಟ್ಟುಕೊಳ್ಳುವವಳು ನಾನು. ಅವಳು ಮೆಟ್ಟಿಲಿಳಿದು ಹೋಗುವುದನ್ನು ನೋಡುತ್ತ ನಿಂತೆ.

ಆ ದಿನವಿಡೀ ನನಗೆ ಕೈಕಾಲು ಆಡಲಿಲ್ಲ. ತಟ್ಟೆ ತೊಳೆದದ್ದನ್ನೇ ತೊಳೆದೆ. ನನ್ನ ಮೇಲೆ ನನಗೇ ಅಸಹ್ಯವಾಯಿತು. ಅವಳಿಗೆ ಹೇಳಿದ್ದರೆ ಅವಳು ನಾಲ್ಕು ಜನರ ಮುಂದೆ ನಿಂತು, ನಮ್ಮ ಲೆಕ್ಕ ತಪ್ಪು, ನಿಜ ಇದು ಎಂದು ತಾನೇ ಹೇಳುತ್ತಿದ್ದಳು. ಆಗ ಅದು ಅವಳು ಕಂಡದ್ದಾಗುತ್ತಿತ್ತು. ಈಗ ಅದು ಅವಳ ತಪ್ಪು, ನಾನು ಹಿಡಿದದ್ದು, ಹೊಸಬ ಮುಂದುವರಿಸುವುದು. ಹತ್ತು ನಿಮಿಷದಲ್ಲಿ ಇಷ್ಟೆಲ್ಲ ಕೈಬದಲಾಗಿತ್ತು.

ಗುರುವಾರ ಬೆಳಿಗ್ಗೆ ಒಂದು ನಿರ್ಧಾರಕ್ಕೆ ಬಂದು ನೇರ ಮೇಷ್ಟ್ರ ಕೋಣೆಗೆ ನುಗ್ಗಿದೆ. ಬಾಗಿಲು ತಟ್ಟಿದೆನೋ ಇಲ್ಲವೋ ನೆನಪಿಲ್ಲ. “ಸರ್, ನಿನ್ನೆ ನಾನು ಸರಿಯಾಗಿ ಹೇಳ್ಲಿಲ್ಲ. ಸೊನ್ನೆ ತಪ್ಪಿ ಬಿದ್ದಿದ್ದಲ್ಲ. ಅವಳೇ ಹೇಳಿದ್ಲು, ಈ ಸಲ ನಾನೂರು ಫೋಟೋ ತೆಗೀರಿ, ಆಮೇಲೆ ಏನಾಗತ್ತೆ ನೋಡೋಣ ಅಂತ. ಯೋಚನೆ ಅವಳದ್ದು” ಎಂದೆ. ಹೇಳಿ ಮುಗಿಸಿದ ಮೇಲೆ ನೋಡಿದೆ, ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಹುಡುಗಿ ಕೂತಿದ್ದಳು. ನನಗಿಂತ ಮೊದಲೇ ಬಂದಿದ್ದಳು. ಅವಳ ಮಡಿಲಲ್ಲಿ ಕಾಗದಗಳು.

ಮೇಷ್ಟ್ರು ಅವಳ ಕಡೆ ನೋಡಿದರು. “ಹೌದಾ?”

ಅವಳು ಹೂಂ ಎಂದಿದ್ದರೆ ಸಾಕಿತ್ತು. ನಾನು ಕಣ್ಣಲ್ಲೇ ಬೇಡಿಕೊಂಡೆ.

“ಇಲ್ಲ ಸರ್. ನಾನು ಹೇಳಿರ್ಲಿಲ್ಲ. ನನಗೆ ಅದು ಹೊಳೆದೇ ಇರ್ಲಿಲ್ಲ,” ಎಂದಳು. “ಅಕ್ಕ ಒಂದು ಸೊನ್ನೆ ಹೆಚ್ಚಿಗೆ ಒತ್ತಿದ್ರು. ಅದು ಆದದ್ದೇ ಹಾಗೆ. ಪೇಪರಲ್ಲೂ ಹಾಗೇ ಬರೀಬೇಕು.”

ನನಗೆ ನೆಲ ಬಿರಿದು ನುಂಗಬಾರದೇ ಎನ್ನಿಸಿತು. ಮೇಷ್ಟ್ರು ನನ್ನನ್ನು ಬೈಯಲಿಲ್ಲ, ಕೂರಲು ಹೇಳಿದರು, ಅದು ಬೈಗುಳಕ್ಕಿಂತ ಕಡೆಯಾಯಿತು. ಹುಡುಗಿ ತನ್ನ ಮಾತನ್ನು ಮುಂದುವರಿಸಿದಳು. ನಾನು ಬರುವ ಮೊದಲು ಎಲ್ಲಿ ನಿಲ್ಲಿಸಿದ್ದಳೋ ಅಲ್ಲಿಂದಲೇ.

“ಮೋಟಾರಿಲ್ಲದ ಈ ಕೋಶಗಳನ್ನ ಮಾಡಕ್ಕೆ ನನಗೆ ಎರಡು ವರ್ಷ ಹಿಡೀತು ಸರ್. ಇವು ಸುಮ್ನೆ ಸುಮ್ನೆ ಸಾಯ್ತವೆ. ಅವರಿಗೆ ಇದನ್ನ ಬದುಕಿಸಿಡೋದು ಕಲಿಯಕ್ಕೇ ಮೂರು ತಿಂಗಳು ಬೇಕು. ನನಗೆ ಎಂಟು ವಾರ ಸಾಕು. ತಡವಾಗಿ ಬರೋ ತಂತುಗಳನ್ನ ಯಾವ ಮೋಟಾರು ತರತ್ತೆ ಅಂತ ನನಗೆ ಮೂರರ ಮೇಲೆ ಅನುಮಾನ ಇದೆ, ನಿನ್ನೆ ಕೂತು ಬರ್ಕೊಂಡು ಬಂದಿದೀನಿ.” ಕಾಗದಗಳನ್ನು ಅವರ ಮುಂದಿಟ್ಟಳು. “ಕೆಲಸ ಕೊಡ್ತೀನಿ ಅಂದೋರಿಗೆ ಫೋನ್ ಮಾಡ್ದೆ. ಪೇಪರ್ ತಡ ಆಗತ್ತೆ ಅಂದೆ. ಕಾಯ್ತೀವಿ ಅನ್ಲಿಲ್ಲ, ನೋಡೋಣ ಅಂದ್ರು. ಅದು ಹೋದ್ರೆ ಹೋಗತ್ತೆ. ಇದನ್ನ ಮಾತ್ರ ನಾನು ಬೇರೆಯವರಿಗೆ ಬಿಟ್ಟುಕೊಡಲ್ಲ.”

ಮೇಷ್ಟ್ರು ಕಾಗದ ತಿರುವಿದರು. ಒಂದು ಪುಟದಲ್ಲಿ ತುಂಬಾ ಹೊತ್ತು ನಿಂತರು. ನನ್ನ ತಂಗಿ ಎಂದು ಹೇಳಿಕೊಳ್ಳಲು ನನಗೆ ಆ ಗಳಿಗೆಯಲ್ಲಿ ಎಷ್ಟು ಆಸೆಯಾಯಿತು, ಹೇಳುವ ಮುಖ ಮಾತ್ರ ಉಳಿದಿರಲಿಲ್ಲ.

“ಸರಿ,” ಎಂದರು ಮೇಷ್ಟ್ರು. “ಎಂಟು ವಾರ. ಅವನ ಪಾಳಿಗಳನ್ನ ನಿಮಗೆ ಬಿಡಿಸಿಕೊಡ್ತೀನಿ. ಅವನ ಹತ್ರ ನಾನು ಮಾತಾಡ್ತೀನಿ. ಎಣಿಸೋಕೆ ಅಕ್ಕ ಇದ್ದೇ ಇದಾರಲ್ಲ.”

“ಎಷ್ಟು ಹೊತ್ತಾದ್ರೂ ಕೂರ್ತೀನಿ ಸರ್,” ಎಂದೆ. ಅವರ ಮಾತು ಮುಗಿಯುವ ಮೊದಲೇ ಎಂದಿರಬೇಕು.

ಹುಡುಗಿ ಕಾಗದಗಳನ್ನು ಜೋಡಿಸುತ್ತಿದ್ದಳು. “ಬೇಡ ಸರ್,” ಎಂದಳು. “ಪಕ್ಕದ ಲ್ಯಾಬಲ್ಲಿ ಒಬ್ರು ಇದಾರೆ, ಅವರು ಈ ಫಿಲ್ಮ್ ನೋಡಿಲ್ಲ. ಅವರನ್ನ ಕೇಳ್ತೀನಿ. ಅಕ್ಕನಿಗೆ ಈಗ ಗೊತ್ತು ತಂತು ಬರತ್ತೆ ಅಂತ. ಬರ್ಲಿ ಬರ್ಲಿ ಅಂತ ಕಾಯ್ತಾ ಇರ್ತಾರೆ. ಅರ್ಧ ದಾರಿಗೆ ಬಂದಿದ್ದನ್ನೂ ಬಂತು ಅಂತ ಬರೆದುಬಿಡ್ತಾರೆ.”

“ಅದೂ ಸರೀನೇ,” ಎಂದರು ಮೇಷ್ಟ್ರು.

ಸರಿಯೇ. ಅದಕ್ಕೆ ಎದುರಾಡಲು ಏನೂ ಇರಲಿಲ್ಲ. ನಾನೇ ಅವಳಿಗೆ ಕಲಿಸಿದ ಪಾಠ ಅದು. ಇಬ್ಬರೂ ಹೊರಗೆ ಬಂದೆವು. ಅವಳು ಮುಂದೆ, ನಾನು ಹಿಂದೆ. ಕಾರಿಡಾರಿನ ಕೊನೆಯವರೆಗೆ ಸುಮ್ಮನೆ ನಡೆದೆ. ಆಮೇಲೆ ತಡೆಯಲಾಗಲಿಲ್ಲ.

“ಮರಿ, ನಿಜ ಹೇಳು. ನನ್ನನ್ನ ಬಿಟ್ಟಿದ್ದು ನಿಯಮಕ್ಕಾ, ಸಿಟ್ಟಿಗಾ?”

ಅವಳು ನಿಂತಳು. ಉತ್ತರ ಹೇಳುವುದಕ್ಕೆ ಸಮಯ ತೆಗೆದುಕೊಂಡಳು. ಈ ಸಲ ನಾನು ಮಧ್ಯೆ ಬಾಯಿ ಹಾಕಲಿಲ್ಲ.

“ಎರಡಕ್ಕೂ, ಅಕ್ಕ,” ಎಂದಳು.

ನನ್ನ ಎಣಿಕೆ ಪುಸ್ತಕವನ್ನು ಕೇಳಿದಳು. ಅದು ನನ್ನ ಕೈಚೀಲದಲ್ಲೇ ಇತ್ತು. ತೆಗೆದುಕೊಟ್ಟೆ. ಅವಳು ಅದನ್ನು ತೆಗೆದುಕೊಂಡು ಪಕ್ಕದ ಲ್ಯಾಬಿನ ಬಾಗಿಲು ತಟ್ಟಿ ಒಳಗೆ ಹೋದಳು.